ಏಳು ಅಂಗಡಿಯ ಹಳದಿ ಗುಳಿಗೆ

ನನಗೆ ಬಂದ ಕಾಯಿಲೆಗೆ ನಮ್ಮ ಓಣಿಯಲ್ಲಿ ಹೆಸರಿರಲಿಲ್ಲ. ಸೆರೆ ಕುಡಿಯುವವರಿಗೆ ಒಂದು ಹೆಸರಿತ್ತು, ಇಸ್ಪೀಟು ಆಡುವವರಿಗೆ ಇನ್ನೊಂದಿತ್ತು. ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ಬಿಡಲಾಗದ ಇಪ್ಪತ್ಮೂರು ವರ್ಷದ ಶಿಕ್ಷಕಿಗೆ ಏನನ್ನಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಹೆಸರಿಲ್ಲದ ಕಾರಣ ಅದು ಕಾಯಿಲೆಯೇ ಅಲ್ಲವೆಂದು ನಾನೂ ಹದಿನಾಲ್ಕು ತಿಂಗಳು ನಂಬಿದ್ದೆ. ಯಾವುದೋ ಮನೆಯಲ್ಲಿ ಯಾರೋ ಒಬ್ಬರು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅವಸರದಲ್ಲಿ ಗುಳಿಗೆ ನುಂಗುತ್ತಿರಬಹುದು. ಹಾಗೆ ನಿಂತವರಲ್ಲಿ ನಾನೂ ಒಬ್ಬಳಿದ್ದೆ ಎಂದು ಅವರಿಗೆ ತಿಳಿಯಲಿ.

ಮನೆಯಲ್ಲಿ ಅವ್ವ, ಅಣ್ಣ ಶಿವಾನಂದ, ನಾನು. ಮನೆ ಅನಗೋಳದಲ್ಲಿ, ನೌಕರಿ ಖಾನಾಪುರದ ಕನ್ನಡ ಪ್ರಾಥಮಿಕ ಶಾಲೆಯಲ್ಲಿ. ದಿನಾ ಬೆಳಗಿನ ಪ್ಯಾಸೆಂಜರ್ ರೈಲಿಗೆ ಹೋಗಿ ಸಂಜೆ ತಿರುಗಿ ಬರುತ್ತಿದ್ದೆ. ೧೯೭೯ರ ಜುಲೈ ೧೧, ಬುಧವಾರ, ಖಾನಾಪುರ ಸ್ಟೇಷನ್ನಿನಲ್ಲಿ ಇಳಿಯುವಾಗ ಒದ್ದೆಯಾದ ಮೆಟ್ಟಿಲ ಮೇಲೆ ಕಾಲು ಜಾರಿ ಬೆನ್ನಡಿಯಾಗಿ ಬಿದ್ದೆ. ಬೆನ್ನು ಹಲಗೆಯಂತೆ ಬಿಗಿದುಕೊಂಡಿತು. ಡಾಕ್ಟರು ನೋವಿಗೊಂದು, ನರ ಸಡಿಲಾಗಲೆಂದು ಇನ್ನೊಂದು ಗುಳಿಗೆ ಬರೆದರು. ಎರಡನೆಯದು ಸಣ್ಣದು, ಹಳದಿ ಬಣ್ಣದ್ದು. ದಿನಕ್ಕೆ ಎರಡರಂತೆ ಹತ್ತು ದಿನ, ಒಟ್ಟು ಇಪ್ಪತ್ತು.

ದಿನಚರಿ ಬರೆಯುವುದು ನನಗೆ ಹನ್ನೊಂದನೇ ವಯಸ್ಸಿನಿಂದ ಅಂಟಿಕೊಂಡ ಅಭ್ಯಾಸ. ರೈಲು ಎಷ್ಟು ನಿಮಿಷ ತಡ, ತರಗತಿಯಲ್ಲಿ ಹಾಜರಾತಿ ಎಷ್ಟು, ಎಲ್ಲವನ್ನೂ ಬರೆಯುತ್ತೇನೆ. ಗುಳಿಗೆಯನ್ನೂ ಬರೆದೆ. ಇಪ್ಪತ್ತು ಮುಗಿದ ದಿನ ಬೆನ್ನು ನೆಟ್ಟಗಾಗಿತ್ತು. ಆದರೆ ಆ ಇಪ್ಪತ್ತು ಗುಳಿಗೆ ನನಗೆ ಇನ್ನೇನನ್ನೋ ಕೊಟ್ಟಿದ್ದವು. ಇನ್‌ಸ್ಪೆಕ್ಟರ್ ಸಾಹೇಬರು ತರಗತಿಗೆ ಬಂದು ನಿಂತರೂ ನನ್ನ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ನನ್ನೊಳಗೆ ಗುಂಯ್‌ಗುಡುತ್ತಿದ್ದ ಒಂದು ಹುಳ ಸುಮ್ಮನಾಗಿತ್ತು. ಇಪ್ಪತ್ತೊಂದನೆಯದನ್ನು ನಾನೇ ಹುಡುಕಿಕೊಂಡು ಹೋದೆ.

ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ಓಣಿಯಲ್ಲಿ ಡಾಕ್ಟರ ಚೀಟಿಯನ್ನು ಯಾರೂ ಒಗೆಯುವುದಿಲ್ಲ. ಪ್ರತಿ ಮನೆಯ ಗೋಡೆಗೂ ಒಂದು ಬಾಗಿದ ತಂತಿ, ಅದಕ್ಕೆ ಚುಚ್ಚಿಟ್ಟ ಚೀಟಿಗಳು. ಒಬ್ಬರಿಗೆ ಗುಣ ಕೊಟ್ಟ ಚೀಟಿ ಎಲ್ಲರಿಗೂ ಗುಣ ಕೊಡುತ್ತದೆಂಬ ನಂಬಿಕೆ. ಹೆಪ್ಪಿಗೆ ಮಜ್ಜಿಗೆ ಕೊಟ್ಟಷ್ಟೇ ಸಹಜವಾಗಿ ಒಂದು ಮನೆಯ ಚೀಟಿ ಇನ್ನೊಂದು ಮನೆಗೆ ಹೋಗುತ್ತದೆ. ಬಾಜು ಮನೆಯ ಗಂಗಮ್ಮ ಕಾಕುವಿನ ತಂತಿಯಲ್ಲೂ ಅದೇ ಹಳದಿ ಗುಳಿಗೆಯ ಚೀಟಿಯಿತ್ತು. ಕೇಳಿದ ಕೂಡಲೇ ತೆಗೆದುಕೊಟ್ಟರು.

"ತಗೋ ಯವ್ವಾ, ಭಾಳ ಛಲೋ ಗುಳಿಗಿ ಅದು. ನನ್ನ ಸೊಸಿ ಒದರ್‍ಯಾಡಿದ್ರೂ ಕಿವಿಗೆ ಬೀಳೂದಿಲ್ಲ ನೋಡು."

ನನ್ನದು, ಕಾಕುವಿನದು, ಇನ್ನೊಂದು ಮನೆಯದು. ಮೂರು ಚೀಟಿಗಳನ್ನು ರಟ್ಟಿಗೆ ಅಂಟಿಸಿ ಪುಸ್ತಕದಲ್ಲಿಟ್ಟುಕೊಂಡೆ. ಅನಗೋಳ, ಟಿಳಕವಾಡಿ, ಶಹಾಪುರ, ಸ್ಟೇಷನ್ ರಸ್ತೆ ಸೇರಿ ಬೆಳಗಾವಿಯಲ್ಲಿ ಐದು ಔಷಧಿ ಅಂಗಡಿ, ಖಾನಾಪುರದಲ್ಲಿ ಎರಡು. ವಾರಕ್ಕೆ ಏಳು ದಿನ, ಏಳು ಅಂಗಡಿ. ಸೀರೆ ಉಟ್ಟು, ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ಹೋದ ಶಿಕ್ಷಕಿಯನ್ನು ಯಾರು ಅನುಮಾನಿಸುತ್ತಾರೆ? "ಅಕ್ಕೋರು ಬಂದಾರ, ಲಗೂ ಕೊಡ್ರಿ," ಎನ್ನುತ್ತಿದ್ದರು. ೧೯೮೦ರ ಆಗಸ್ಟ್ ಮುಗಿಯುವಾಗ ನನ್ನ ಲೆಕ್ಕ ದಿನಕ್ಕೆ ಒಂಬತ್ತಕ್ಕೆ ಬಂದಿತ್ತು. ಬೋರ್ಡಿನ ಮೇಲೆ ಬರೆದ ಮೊತ್ತ ನನ್ನ ಕಣ್ಣೆದುರೇ ಅರ್ಥವಿಲ್ಲದ ಗೆರೆಗಳಾಗುತ್ತಿತ್ತು. ಒಂದು ದಿನ ಕೈಗೆ ಚಹಾದ ಕಪ್ಪು ನಿಲ್ಲಲಿಲ್ಲ.

ಆಗ ಹೆದರಿದೆ. ಹೆದರಿ, ಲೆಕ್ಕ ಇಡುವವರು ಮಾಡುವಂಥ ತಪ್ಪನ್ನೇ ಮಾಡಿದೆ. ಸೆಪ್ಟೆಂಬರ್ ೧, ಸೋಮವಾರ, ಹೊಸ ತಿಂಗಳ ಹೊಸ ಪುಟದ ಮೇಲೆ ದೊಡ್ಡದಾಗಿ ಸೊನ್ನೆ ಬರೆದೆ. ಒಂಬತ್ತರಿಂದ ಒಂದೇ ಸಲ ಸೊನ್ನೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಹೇಳಬೇಕಾಗುತ್ತಿತ್ತಲ್ಲ.

ಆರನೇ ದಿನ ಶನಿವಾರ, ಬೆಳಗಿನ ಶಾಲೆ. ಮಕ್ಕಳು ಏಳರ ಮಗ್ಗಿ ಹೇಳುತ್ತಿದ್ದರು. "ಏಳೈದಲೆ ಮೂವತ್ತೈದು" ಎಂದದ್ದು ನೆನಪಿದೆ, ಮುಂದಿನದು ಇಲ್ಲ. ಎಚ್ಚರವಾದಾಗ ನೆಲದ ಮೇಲಿದ್ದೆ. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ಉಪ್ಪುಪ್ಪು ರಕ್ತ. ಮುಷ್ಟಿಯಲ್ಲಿ ಶಾಲೆಯ ಅಷ್ಟೂ ಬೀಗದ ಕೈಗಳ ಗೊಂಚಲು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ಸಿಪಾಯಿ ಅದನ್ನು ತುರುಕಿದ್ದ. ನನ್ನ ತಲೆ ಮುಖ್ಯೋಪಾಧ್ಯಾಯಿನಿ ಸುಮಿತ್ರಾಬಾಯಿಯವರ ತೊಡೆಯ ಮೇಲಿತ್ತು. ಶಾಲೆಯ ಎದುರಿನ ಔಷಧಿ ಅಂಗಡಿಯ ವಸಂತ ಕಾಕಾ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದು ನಿಂತಿದ್ದರು. ಅರವತ್ತರ ಮರಾಠಿ ಮನುಷ್ಯ, ಹಳೆಯ ಕಾಲದ ಕಂಪೌಂಡರ್. ನನ್ನ ಏಳು ಅಂಗಡಿಗಳಲ್ಲಿ ಅವರದೂ ಒಂದು. ಅವರು ನನ್ನ ಕಣ್ಣಿನ ಬೊಂಬೆ ನೋಡಿದರು, ನಡುಗುವ ಬೆರಳು ನೋಡಿದರು.

"ಪೋರಿ," ಎಂದರು ಮೆಲ್ಲಗೆ, "ನಾ ಗುರುವಾರಕ್ಕ ಒಮ್ಮಿ ಹತ್ತು ಕೊಡ್ತಿದ್ದೆ. ಉಳಿದ ದಿನ ಎಲ್ಲಿ ತಗೋತಿದ್ದಿ?"

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಸೋಮವಾರ ಹೊರರೋಗಿಗಳ ಪಡಸಾಲೆಯಲ್ಲಿ ನರರೋಗದ ಡಾಕ್ಟರಬಾಯಿಗಾಗಿ ಕಾಯಬೇಕಾಯಿತು. ಉದ್ದನೆಯ ಬೆಂಚು, ನಾನು ಇಪ್ಪತ್ತಾರನೆಯವಳು. ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದಳು, ಗುರುತಿಲ್ಲ, ಹೆಸರೂ ಕೇಳಲಿಲ್ಲ. ನನ್ನ ಕಾಲು ತಾನಾಗಿಯೇ ಕುಣಿಯುತ್ತಿರುವುದನ್ನು ನೋಡಿ ತನ್ನ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟಳು. ಹತ್ತಿರ ಹತ್ತಿರ ಎರಡು ತಾಸು ಆ ಕೈ ಅಲ್ಲೇ ಇತ್ತು. ಅವಳ ಸರದಿ ಬಂದಾಗ ಎದ್ದು ಹೋದಳು. ಆ ಕೈಯ ಭಾರ ಈಗಲೂ ನನಗೆ ಗೊತ್ತಾಗುತ್ತದೆ.

ಡಾಕ್ಟರಬಾಯಿ ಧಾರವಾಡದ ಕಡೆಯವರು, ಐವತ್ತರ ಆಸುಪಾಸು. ಅವ್ವ ಒಳಗೆ ಹೋಗುತ್ತಲೇ ಶುರು ಮಾಡಿದಳು: "ಗಾಳಿ ಸೋಕೇದ ಅಂತಾರ್ರೀ. ತಾಯತ ಕಟ್ಟಿಸೀನಿ."

"ಕಟ್ಟಿಸಿದ್ದು ಇರಲಿ ಬಿಡ್ರಿ," ಎಂದು ಡಾಕ್ಟರಬಾಯಿ ನನ್ನತ್ತ ತಿರುಗಿದರು. "ನೀ ಹೇಳವಾ. ಏನ ತಗೋತಿದ್ದಿ, ಎಷ್ಟ ತಗೋತಿದ್ದಿ?"

ಕೈಚೀಲದಿಂದ ದಿನಚರಿ ತೆಗೆದು ಮೇಜಿನ ಮೇಲಿಟ್ಟೆ. ಅವರು ಪುಟ ತಿರುಗಿಸಿದರು. ತಾರೀಖು, ಅಂಗಡಿ, ಎಷ್ಟು. ತಾರೀಖು, ಅಂಗಡಿ, ಎಷ್ಟು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಣ್ಣ ಹೆಗಲ ಮೇಲಿಂದ ಬಗ್ಗಿ ನೋಡಿ ಕೊನೆಯ ಪುಟದ ಮೊತ್ತವನ್ನು ಗಟ್ಟಿಯಾಗಿ ಓದಿಬಿಟ್ಟ. ಎರಡು ಸಾವಿರದ ನೂರ ಹದಿನಾಲ್ಕು.

ಅವ್ವ ಬಯ್ಯುತ್ತಾಳೆಂದುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತ ಹೇಳಿದಳು: "ಇಷ್ಟೆಲ್ಲಾ ಪುಸ್ತಕಕ್ಕ ಹೇಳೀಯಲ್ಲ ಗಿರಿಜಾ. ಒಮ್ಮ್ಯಾರ ನನಗ ಹೇಳಬೇಕು ಅನಸಲಿಲ್ಲೇನ?"

ನಾನು ಅತ್ತದ್ದು ಆಗ.

ಡಾಕ್ಟರಬಾಯಿ ನನಗೆ ಒಂದು ಲೋಟ ನೀರು ಕೊಟ್ಟರು. ಆಮೇಲೆ ದಿನಚರಿಯ ಮೇಲೆ ಬೆರಳಿಟ್ಟು, "ಏಳೂ ಅಂಗಡ್ಯಾಗ ಒಬ್ಬರೂ ಒಮ್ಮಿಗೆ ಹತ್ತರ ಮ್ಯಾಲ ಕೊಟ್ಟಿಲ್ಲ. ಚೀಟಿ ಕೊಟ್ಟಾಕಿನೂ ಕೆಟ್ಟಾಕಿ ಅಲ್ಲ. ಇದರಾಗ ಯಾರೂ ಕಳ್ಳರಿಲ್ಲ, ಆದ್ರ ಕಳವು ಆಗೇದ. ಪೂರ್ತಿ ಲೆಕ್ಕ ಇರೂದು ನಿನ್ನ ಹಂತೇಕ ಮಾತ್ರ," ಎಂದರು. "ಇದನ್ನ ಆ ಏಳೂ ಮಂದಿಗೆ ತೋರಸ್ಲೇನು?"

ಬೇಡವೆಂದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಖಾನಾಪುರದಂಥ ಊರಿನಲ್ಲಿ ಒಂದು ಮಾತು ಸ್ಟೇಷನ್ನಿನಿಂದ ನದಿಯ ಘಾಟಿನ ತನಕ ಹೋಗಲು ಎಷ್ಟು ಹೊತ್ತು ಬೇಕು? ಅವರು ಒತ್ತಾಯ ಮಾಡಲಿಲ್ಲ. ಒಂದೇ ಮಾತು ಹೇಳಿದರು: "ಒಮ್ಮೆಲೇ ಬಿಟ್ಟಿ, ಬಿದ್ದಿ. ಇನ್ನ ಸಾವಕಾಶ ಇಳೀಬೇಕು. ಒಬ್ಬಾಕಿನ ಇಳಿಯಾಕ ಆಗೂದಿಲ್ಲ. ಏಳು ಬಾಗಲ ತೆರದಿದ್ರ ಎಂಟನೇ ದಿವ್ಸ ನೀ ಮತ್ತ ಒಳಗ ಹೋಗ್ತಿ."

ಡಾಕ್ಟರಬಾಯಿ ಬರೆದುಕೊಟ್ಟಷ್ಟನ್ನೇ ಅವ್ವನ ಕೈಯಿಂದ ತೆಗೆದುಕೊಂಡು ನಾಲ್ಕು ದಿನ ತಡೆದೆ. ಐದನೇ ದಿನ ಶಹಾಪುರದ ಅಂಗಡಿಯ ಮುಂದೆ ನಿಂತಿದ್ದೇನೆಂದು ಅಲ್ಲಿ ನಿಂತ ಮೇಲೆ ಗೊತ್ತಾಯಿತು. ಕಾಲು ತಾವೇ ನಡೆದು ಬಂದಿದ್ದವು. ಅಲ್ಲಿಂದ ನೆಟ್ಟಗೆ ಆಸ್ಪತ್ರೆಗೆ ಹೋಗಿ ದಿನಚರಿಯನ್ನು ಕೊಟ್ಟುಬಂದೆ.

ಸೆಪ್ಟೆಂಬರ್ ೨೧, ಭಾನುವಾರ, ನಮ್ಮ ಶಾಲೆಯ ನಾಲ್ಕನೇ ತರಗತಿಯ ಕೋಣೆ. ಡಾಕ್ಟರಬಾಯಿ ತಾವೇ ಅಂಗಡಿಯಿಂದ ಅಂಗಡಿಗೆ ತಿರುಗಿ ಕರೆದಿದ್ದರು. ಏಳು ಮಂದಿಯನ್ನು ಕರೆದರೆ ಅಂಗಡಿಯ ಕೆಲಸದವರೂ ಸೇರಿ ಹನ್ನೊಂದು ಮಂದಿ ಬಂದರು. ಮಕ್ಕಳ ಮಣೆಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತ ಆ ದೊಡ್ಡ ಮನುಷ್ಯರನ್ನು ನೋಡಿ ನಗು ಬಂತು, ಹೆದರಿಕೆಯೂ ಆಯಿತು. ಸುಮಿತ್ರಾಬಾಯಿ ನನ್ನನ್ನು ತಮ್ಮ ಪಕ್ಕದಲ್ಲಿಯೇ ಕೂಡಿಸಿಕೊಂಡರು. ಯಾರಿಗೂ ನನ್ನ ಹೆಸರು ಹೇಳಬೇಕಾಗಲಿಲ್ಲ. ಅವರೆಲ್ಲ ನನ್ನ ಮುಖ ಬಲ್ಲವರೇ.

ಮೊದಲು ಜಗಳವೇ ಆಯಿತು. ಖಾನಾಪುರದ ಇನ್ನೊಂದು ಅಂಗಡಿಯ ಬಸಪ್ಪನವರು, "ನಾ ಕೊಡೂದಿಲ್ಲ ಅಂದ್ರ ಎದುರಿನಾಂವ ಕೊಡ್ತಾನ್ರೀ," ಎಂದು ವಸಂತ ಕಾಕಾ ಕಡೆ ಗದ್ದ ತಿರುಗಿಸಿದರು.

"ಎದುರಿನಾಂವಗ ಹೆಸರು ಅದ," ಎಂದರು ಕಾಕಾ.

"ಇದ್ರ ಇರಲಿ. ಯಾರಿಗೆ ಬೇಕಾಗೇದ?"

ಯಾವುದೋ ಹಳೆಯ ಮುನಿಸಿನಿಂದ ಅವರಿಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟಿದ್ದರಂತೆ. ಡಾಕ್ಟರಬಾಯಿ ನನ್ನ ದಿನಚರಿಯನ್ನು ಕೈಯಿಂದ ಕೈಗೆ ದಾಟಿಸಿದರು. ಪ್ರತಿಯೊಬ್ಬರೂ ತಮ್ಮ ತಮ್ಮ ಅಂಗಡಿಯ ಹೆಸರನ್ನು ಹುಡುಕಿದರು, ಆಮೇಲೆ ಉಳಿದವರ ಹೆಸರನ್ನು ನೋಡಿದರು. ಬಸಪ್ಪನವರು ದಿನಚರಿ ಮುಚ್ಚಿ, "ನನ್ನ ಮಗಳೂ ಇದ ವಾರಗೀಯಾಕಿ," ಎಂದರು. ಅಷ್ಟೇ.

ಕೊನೆಗೆ ಗೊತ್ತು ಮಾಡಿದ್ದು ತೀರಾ ಸರಳ ಕೆಲಸ. ಇಂಥ ಗುಳಿಗೆ ಕೊಟ್ಟವರು ಚೀಟಿಯ ಮೇಲೆ ತಮ್ಮ ಅಂಗಡಿಯ ರಬ್ಬರ್ ಶಿಕ್ಕಾ ಹೊಡೆದು ತಾರೀಖು ಹಾಕಬೇಕು. ಬರೆದಷ್ಟು ಕೊಟ್ಟಾದ ಚೀಟಿಗೆ ಮತ್ತೆ ಯಾರೂ ಕೊಡಬಾರದು. ಚೀಟಿಯಲ್ಲಿ ಇರುವ ಹೆಸರು ಯಾರದೆಂದು ಬಾಯಿ ಬಿಟ್ಟು ಕೇಳಬೇಕು. ರಟ್ಟಿಗೆ ಅಂಟಿಸಿದ ನನ್ನ ಮೂರು ಚೀಟಿಗಳನ್ನು ಮೇಜಿನ ಮೇಲಿಟ್ಟೆ. ಅವುಗಳಿಗೇ ಮೊದಲ ಶಿಕ್ಕಾ ಬಿತ್ತು. ಬಸಪ್ಪನವರು ಶಿಕ್ಕಾ ತಂದಿದ್ದರು, ಶಾಯಿಯ ಪ್ಯಾಡು ತಂದಿರಲಿಲ್ಲ. ವಸಂತ ಕಾಕಾ ತಮ್ಮ ಪ್ಯಾಡನ್ನು ಅವರ ಮುಂದೆ ಸರಿಸಿದರು. ಆ ಪ್ಯಾಡು ನಾಲ್ಕು ಬೆರಳು ದೂರ ಸರಿದದ್ದನ್ನು ನೋಡಿ ನನ್ನ ಮೈ ಜುಂ ಎಂದಿತು. ಇಷ್ಟು ಮಂದಿ ತಮ್ಮ ಒಂದು ಭಾನುವಾರವನ್ನು ಬಿಟ್ಟು ಬಂದದ್ದು ನನ್ನಂಥ ಒಬ್ಬಳಿಗಾಗಿ. ಬರುವಾಗ ನಾನು ಛೀಮಾರಿಗೆ ತಯಾರಾಗಿ ಬಂದಿದ್ದೆ.

ಇಳಿಯುವ ಕೆಲಸವನ್ನು ಡಾಕ್ಟರಬಾಯಿ ವಸಂತ ಕಾಕಾಗೆ ವಹಿಸಿದರು. ಗುಳಿಗೆಗಳನ್ನು ಅರೆದು, ಹಿತ್ತಾಳೆಯ ಪುಟ್ಟ ತಕ್ಕಡಿಯಲ್ಲಿ ತೂಗಿ, ಪುಡಿ ಸಕ್ಕರೆ ಬೆರೆಸಿ, ಕಹಿ ಒಂದೇ ಸಮ ಇರಲೆಂದು ಕಿರಾತಕಡ್ಡಿಯ ಚೂರು ಸೇರಿಸಿ, ಕಾಗದದ ಪೊಟ್ಟಣ ಕಟ್ಟುವುದು. ಡಾಕ್ಟರಬಾಯಿ ಬರೆದಂತೆ ಒಳಗಿನ ಔಷಧಿ ಸಾವಕಾಶವಾಗಿ ಕಡಿಮೆಯಾಗುತ್ತದೆ, ಪೊಟ್ಟಣ ಮಾತ್ರ ಯಾವತ್ತೂ ಅಷ್ಟೇ ಇರುತ್ತದೆ. ರೈಲಿಳಿದು ಒಂದು, ರೈಲು ಹತ್ತುವ ಮುಂಚೆ ಒಂದು, ಕಾಕಾ ಕಣ್ಣೆದುರೇ. ಭಾನುವಾರದ್ದು ಮನೆಯಲ್ಲಿ ಅವ್ವನ ಕೈಯಿಂದ.

"ಒಂದು ಕರಾರು," ಎಂದಿದ್ದರು ಡಾಕ್ಟರಬಾಯಿ. "ಒಳಗ ಎಷ್ಟ ಅದ ಅಂತ ನೀ ಕೇಳಂಗಿಲ್ಲ, ನಾವು ಹೇಳಂಗಿಲ್ಲ. ಯಾವಾಗ ಮುಗೀತದ ಅನ್ನೂದೂ ಹೇಳೂದಿಲ್ಲ. ಒಪ್ಪಿಗೀನೋ?"

ಎಣಿಸಬಾರದು ಎನ್ನುವುದು ನನಗೆ ಗುಳಿಗೆ ಬಿಡುವುದಕ್ಕಿಂತ ಕಷ್ಟದ ಮಾತಾಗಿತ್ತು. ಆದರೂ ಒಪ್ಪಿದೆ.

ಆ ಚಳಿಗಾಲವನ್ನು ಚೆನ್ನಾಗಿತ್ತೆಂದು ಹೇಳಲಾರೆ. ಸೀಮೆಸುಣ್ಣ ಕಿರ್ರೆಂದರೆ ಹಲ್ಲಿನ ಬೇರು ನೋಯುತ್ತಿತ್ತು. ಕಿಟಕಿಯ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಚರ್ಮದ ಕೆಳಗೆ ಇರುವೆ ಹರಿದಂತೆ, ಕಾರಣವಿಲ್ಲದ ಅಳು, ಕಾರಣವಿಲ್ಲದ ಸಿಟ್ಟು. ಸುಮಿತ್ರಾಬಾಯಿ ನನಗೆ ಒಂದನೇ ತರಗತಿ ಕೊಟ್ಟರು. "ಅಲ್ಲಿ ಹುಡುಗೂರ ಗದ್ದಲದಾಗ ನಿನ್ನ ಗದ್ದಲ ಯಾರಿಗೂ ಕೇಳೂದಿಲ್ಲ," ಎಂದು ನಕ್ಕರು. ತೀರಾ ಆಗದ ದಿನ ಮಧ್ಯಾಹ್ನದ ಬಿಡುವಿನಲ್ಲಿ ಮಲಪ್ರಭೆಯ ಘಾಟಿಗೆ ಕರೆದೊಯ್ದು ನೀರಿನಲ್ಲಿ ಕಾಲಿಳಿಸಿ ಕೂಡಿಸುತ್ತಿದ್ದರು. ಡಿಸೆಂಬರಿನ ಒಂದು ಮಧ್ಯಾಹ್ನ ಹಾಗೆ ಕುಳಿತಿದ್ದಾಗ ಕಲ್ಲಿನ ಸಂದಿಯಲ್ಲಿ ನೀರು ನುಗ್ಗುವ ಸದ್ದು ಒಮ್ಮೆಲೇ ಕಿವಿಗೆ ಬಿತ್ತು. ಅಷ್ಟು ದಿನ ಅಲ್ಲಿಯೇ ಇದ್ದ ಸದ್ದು. ಗುಳಿಗೆ ನನ್ನೊಳಗಿನ ಹುಳವನ್ನು ಮಾತ್ರ ಸುಮ್ಮನಾಗಿಸಿದೆ ಎಂದುಕೊಂಡಿದ್ದೆ. ಅದು ನದಿಯನ್ನೂ ಸುಮ್ಮನಾಗಿಸಿತ್ತು.

ಮಧ್ಯೆ ಒಮ್ಮೆ ಸೋತೆ. ಜನವರಿಯಲ್ಲಿ ಟಿಳಕವಾಡಿಯ ಅಂಗಡಿಗೆ ಹೋಗಿ ಸಣ್ಣ ದನಿಯಲ್ಲಿ ಕೇಳಿದೆ. ಅಂಗಡಿಯವರು ಬಯ್ಯಲಿಲ್ಲ. "ಬರ್ರಿ ಅಕ್ಕೋರ, ಕುಂದರ್ರಿ," ಎಂದು ಸ್ಟೂಲು ಹಾಕಿ ನೀರು ಕೊಟ್ಟು, ಗಿರಾಕಿಗಳ ನಡುವೆಯೇ ತಮ್ಮ ತೋಟದ ನಿಂಬೆಗಿಡಕ್ಕೆ ಹತ್ತಿದ ಹುಳದ ಕಥೆಯನ್ನು ಅರ್ಧ ತಾಸು ಹೇಳಿದರು. ಆ ಕಥೆ ಮುಗಿಯುವ ಹೊತ್ತಿಗೆ ಗುಳಿಗೆಯ ಆಸೆ ಇಳಿದಿತ್ತು. ಎದ್ದು ಮನೆಗೆ ಹೋದೆ.

೧೯೮೧ರ ಮಾರ್ಚ್ ೨೨, ಭಾನುವಾರ, ಮಧ್ಯಾಹ್ನ. ಅನಗೋಳದಲ್ಲಿ ನಮ್ಮ ಓಣಿಯ ಅಕ್ಕನ ಬಳಗದ ಹೆಂಗಸರು ಡಾಕ್ಟರಬಾಯಿಯನ್ನು ಕರೆಸಿದ್ದರು. ಪ್ರತಿಯೊಬ್ಬರೂ ಮನೆಯಲ್ಲಿರುವ ಚೀಟಿ, ಉಳಿದ ಗುಳಿಗೆ ಎಲ್ಲ ತರಬೇಕೆಂದು ಹೇಳಲಾಗಿತ್ತು. ಚಾಪೆಯ ಮೇಲೆ ಬಿಸ್ಕತ್ತಿನ ಡಬ್ಬಿಗಳು, ಪೌಡರಿನ ಡಬ್ಬಿಗಳು, ಗಂಟು ಕಟ್ಟಿದ ಕರವಸ್ತ್ರಗಳು. ಖಾನಾಪುರದಿಂದ ವಸಂತ ಕಾಕಾ ಕೂಡ ಬಂದು ಬಾಗಿಲ ಬಳಿ ಕುಳಿತಿದ್ದರು. ಡಾಕ್ಟರಬಾಯಿ ನಾಲ್ಕು ಮಾತು ಹೇಳಿ, "ಉಳಿದದ್ದು ನಿಮ್ಮ ಓಣಿಯಾಕೀನ ಹೇಳ್ತಾಳ," ಎಂದು ನನ್ನನ್ನು ಎಬ್ಬಿಸಿದರು.

ಅವ್ವ ಎದುರಿಗೇ ಇದ್ದಳು. ಗಂಗಮ್ಮ ಕಾಕು ಅವಳ ಪಕ್ಕದಲ್ಲಿ, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು. ಬಿದ್ದದ್ದು, ಏಳು ಅಂಗಡಿ, ಸೊನ್ನೆ, ಮಗ್ಗಿ, ಎಲ್ಲವನ್ನೂ ಹೇಳಿದೆ. ಕೊನೆಗೆ, "ಬಿಟ್ಟೀನಿ ಅಂತ ಸುಳ್ಳ ಹೇಳೂದಿಲ್ಲ. ಇನ್ನೂ ತಗೊಳ್ಳಾಕತ್ತೀನಿ. ಇವತ್ತ ಮುಂಜಾನೇನೂ ತಗೊಂಡೀನಿ. ಯಾವಾಗ ಮುಗೀತದ ನನಗ ಗೊತ್ತಿಲ್ಲ," ಎಂದೆ.

"ಏ, ಸುಳ್ಳು!"

ಎಲ್ಲರೂ ತಿರುಗಿದರು. ವಸಂತ ಕಾಕಾ ಎದ್ದು ನಿಂತಿದ್ದರು.

"ಕಾಕಾ, ಕುಂದರ್ರಿ," ಎಂದರು ಡಾಕ್ಟರಬಾಯಿ. "ಮುಂದಿನ ವಾರ ನಾ ಹೇಳಾಕಿ ಇದ್ದೆ."

"ಕುಂದ್ರೂದಿಲ್ಲ ಡಾಕ್ಟರಬಾಯಿ, ಹೊಟ್ಟ್ಯಾಗ ಇಟಗೊಂಡ ಇಟಗೊಂಡ ನನಗ ಜ್ವರಾ ಬರಾಕತ್ತಾವ. ಪೋರಿ, ಶಿವರಾತ್ರಿ ಮರುದಿನದಿಂದ ನಿನ್ನ ಪೊಟ್ಟಣದಾಗ ಗುಳಿಗಿ ಇಲ್ಲ. ಖರೇ ಹೇಳ್ತೀನಿ. ಬರೇ ಸಕ್ರಿ, ಕಿರಾತಕಡ್ಡಿ!"

ಮಾರ್ಚ್ ಐದರಿಂದ ಇಪ್ಪತ್ತೆರಡು. ಹದಿನೆಂಟು ದಿನ. ಲೆಕ್ಕ ತಾನಾಗಿ ಬಂತು, ಅರ್ಥ ಮಾತ್ರ ಬರಲಿಲ್ಲ. ಮೊದಲು ಸಿಟ್ಟೇ ಬಂತು, ನನಗೆ ತಿಳಿಯದಂತೆ ನನ್ನಿಂದ ಏನೋ ಕಿತ್ತುಕೊಂಡರೆಂದು. ಆಮೇಲೆ ಹನ್ನೊಂದನೇ ತಾರೀಖಿನ ಬುಧವಾರ ನೆನಪಾಯಿತು. ಅಂದು ರೈಲು ನಲವತ್ತು ನಿಮಿಷ ತಡ. ಪೊಟ್ಟಣದ ಹೊತ್ತು ಮೀರಿತೆಂದು ಬೆವೆತು, ಬಿದ್ದುಬಿಡುತ್ತೇನೆಂದು ಕಿಟಕಿಯ ಸರಳು ಹಿಡಿದುಕೊಂಡು ಹೋಗಿದ್ದೆ. ಪುಡಿ ನಾಲಿಗೆಗೆ ಬಿದ್ದ ಐದು ನಿಮಿಷಕ್ಕೆ ಎದೆ ಶಾಂತವಾಗಿತ್ತು. ಹಾಗಾದರೆ ಅಂದು ನನ್ನನ್ನು ಶಾಂತ ಮಾಡಿದ್ದು ಯಾರು? ಆ ಪುಡಿಯಲ್ಲಿ ಏನೂ ಇರಲಿಲ್ಲ. ಇದ್ದದ್ದು ಈ ಮೈ ಮಾತ್ರ. ಕಲ್ಲೆಸೆದು ಕಲಕಿದ ನೀರು ತಾನಾಗಿ ತಿಳಿಯಾಗುವಂತೆ, ನಾನು ಹದಿನಾಲ್ಕು ತಿಂಗಳು ಕಲಕಿದ ಮೈ ನನ್ನನ್ನು ಒಂದು ಮಾತೂ ಕೇಳದೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಅಷ್ಟು ದೊಡ್ಡದರೊಳಗೆ ನಾನು ವಾಸವಾಗಿದ್ದೇನೆಂದು ನನಗೆ ಗೊತ್ತೇ ಇರಲಿಲ್ಲ.

ಅವ್ವ ಎದ್ದು ಬಂದು ನನ್ನ ಮುಖವನ್ನು ಎರಡೂ ಕೈಯಿಂದ ಸವರಿ ನೆಟಿಗೆ ಮುರಿದಳು. ಓಣಿಯ ಹೆಂಗಸರು ಒಮ್ಮೆಲೇ ಮಾತಾಡಲು ಶುರು ಮಾಡಿದರು. ಆ ಗದ್ದಲದಲ್ಲಿ ಗಂಗಮ್ಮ ಕಾಕು ಮೆಲ್ಲಗೆ ಸರಿದು ಬಂದು ನನ್ನ ಕೈ ಹಿಡಿದುಕೊಂಡರು. ಅವರ ಬೆರಳು ನಡುಗುತ್ತಿದ್ದವು. ಆ ನಡುಕ ನನಗೆ ಗುರುತಿತ್ತು.

"ಗಿರಿಜಾ," ಎಂದರು ಕಿವಿಯಲ್ಲಿ, "ನಂದು ಎಂಟ ವರ್ಸಾತು. ಆ ಕಾಕಾ ನನಗೂ ಕಟ್ಟಿ ಕೊಡ್ತಾನೇನ?"

"ಮೊದಲ ಡಾಕ್ಟರಬಾಯಿಗೆ ತೋರಸಬೇಕು ಕಾಕು. ನಾಳೆ ಸೋಮವಾರ. ನಾ ಸೂಟಿ ಹಾಕಿ ಸಂಗಾಟ ಬರ್ತೀನಿ."

ಕಾಕು ಡಬ್ಬಿಯನ್ನು ಸೆರಗಿನಿಂದ ತೆಗೆದು ನನ್ನ ಕೈಗಿಟ್ಟರು.

"ಭಾಳ ಹೊತ್ತ ಕುಂದರಬೇಕಾಗತೈತೇನ ಅಲ್ಲಿ?"

"ಹೂಂ, ಭಾಳ ಹೊತ್ತ."

"ಹಂಗಾರ ನಾಕ ರೊಟ್ಟಿ ಕಟಗೊಂಡ ಬರ್ತೀನಿ," ಎಂದರು ಕಾಕು.